ಕೊನೆಯ ಋತುವಿನ ಮಣ್ಣು

ಪ್ರಯೋಗಾಲಯದಲ್ಲಿ ಎಲ್ಲರ ಬಾಯಲ್ಲೂ ಅವಳು ಕೆಸರಕ್ಕ. ಊರಾಚೆಯ ಜೌಗಿಗಿಳಿದು, ಜೊಂಡಿನ ಬೇರಿಗೆ ಅಂಟಿದ ಮಣ್ಣನ್ನು ಪುಟ್ಟ ಕೊಳವೆಗಳಲ್ಲಿ ತುಂಬಿ ತರುವುದು ಎರಡು ವರ್ಷಗಳಿಂದ ಅವಳ ಕೆಲಸ. "ಲೋಕದವರೆಲ್ಲ ಮಣ್ಣು ತೊಳೆದು ಗೆಡ್ಡೆ ತರ್ತಾರೆ, ನನ್ನ ಮಗಳು ಗೆಡ್ಡೆ ಬಿಟ್ಟು ಮಣ್ಣು ತರ್ತಾಳೆ" ಎಂದು ಅಮ್ಮ ನೆಂಟರ ಮುಂದೆ ನಗುತ್ತಿದ್ದಳು.

ಆ ಮಣ್ಣಿನಲ್ಲಿ ಬರಿಗಣ್ಣಿಗೆ ಕಾಣದ ದೊಡ್ಡ ಸಂಸಾರವೇ ಇತ್ತು. ನೀರು ನಿಂತಾಗ ಗಾಳಿಯಿಲ್ಲದೆ ಬದುಕಬಲ್ಲ ಬ್ಯಾಕ್ಟೀರಿಯಾಗಳದ್ದೇ ದರ್ಬಾರು. ಬೇಸಿಗೆಯಲ್ಲಿ ನೀರಿಳಿದರೆ ಅವು ಮೂಲೆ ಸೇರಿ, ಬೇರೆಯವು ತಲೆಯೆತ್ತುತ್ತಿದ್ದವು. ಮತ್ತೆ ಮಳೆ ಬಂದಾಗ ಹಳೆಯವೇ ಮರಳುತ್ತವೆಯೇ? ಮೊದಲ ವರ್ಷ ಮರಳಿದ್ದವು. ಎರಡನೆಯ ವರ್ಷವೂ ಮರಳಿದರೆ ಮಾತ್ರ ನಂಬಬಹುದು. ಅದಕ್ಕೆ ಅದೇ ಆರು ಜಾಗಗಳಿಂದ ಇನ್ನೊಂದೇ ಸಲ ಮಣ್ಣು ತೆಗೆಯಬೇಕಿತ್ತು.

ಮಳೆ ಹಿಡಿದ ಹತ್ತನೆಯ ದಿನ ಐಸ್ ಪೆಟ್ಟಿಗೆ ಹೊತ್ತು ಹೋದವಳು ದಂಡೆಯಲ್ಲೇ ನಿಂತುಬಿಟ್ಟಳು. ಲಾರಿಗಳು ಒಡೆದ ಇಟ್ಟಿಗೆ, ಕಾಂಕ್ರೀಟು ಸುರಿಯುತ್ತಿದ್ದವು. ಜೊಂಡಿದ್ದ ಭಾಗವೆಲ್ಲ ಮುಚ್ಚಿಹೋಗಿತ್ತು. ಗುರುತಿಗೆ ನೆಟ್ಟ ಆರು ಗೂಟಗಳಲ್ಲಿ ಒಂದೂ ಕಾಣಲಿಲ್ಲ.

ಬಿದ್ದೆನೋ ಎದ್ದೆನೋ ಎಂದು ನಗರ ಕಚೇರಿಗೆ ಓಡಿದಳು. ಗುಮಾಸ್ತರು ಕೆಟ್ಟವರಲ್ಲ, ಕೂರಿಸಿ, ನೀರು ಕೊಟ್ಟು, ನಕ್ಷೆ ಬಿಡಿಸಿ ತೋರಿಸಿದರು. ಅದರಲ್ಲಿ ಆ ಜಾಗ 'ಖಾಲಿ ನೆಲ' ಎಂದಿತ್ತು. ತಕರಾರು ಸಲ್ಲಿಸುವ ಗಡುವು ನಾಲ್ಕು ತಿಂಗಳ ಹಿಂದೆಯೇ ಮುಗಿದಿತ್ತಂತೆ. ಫೋನಿನಲ್ಲಿ ಅವಳ ಪ್ರೊಫೆಸರು ಒಂದು ಪತ್ರ ಬರೆಯೋಣ ಎಂದರು.

ಮಧ್ಯಾಹ್ನ ಜೌಗಿಗೆ ಮರಳಿ, ರಾಶಿ ಹರಡುತ್ತಿದ್ದ ಅಗೆಯುವ ಯಂತ್ರದ ಚಾಲಕನನ್ನು, ಇಷ್ಟಕ್ಕೇ ಬಿಟ್ಟುಬಿಡಿ ಎಂದು ಅಂಗಲಾಚಿದಳು. ಅವನು ಯಂತ್ರ ನಿಲ್ಲಿಸಿ ಕೆಳಗಿಳಿದ.

"ನಾನು ಬಿಟ್ರೆ ನಾಳೆ ಇನ್ನೊಬ್ಬ ಬರ್ತಾನೆ ಅಕ್ಕಾ. ಎಲ್ಲಿಯ ಮಣ್ಣು ಬೇಕು ತೋರ್ಸಿ, ತೆಗೆದುಕೊಡ್ತೀನಿ."

ಅವಳು ಅಂದಾಜಿನ ಮೇಲೆ ಕೈ ತೋರಿದಳು. ಬುತ್ತಿ ಬಿಚ್ಚದೆ ಅವನು ಅರ್ಧ ಗಂಟೆ ಅಗೆದ. ಕೊನೆಗೆ ಜಜ್ಜಿದ ಜೊಂಡು, ಕರಿ ಕೆಸರು, ಇಟ್ಟಿಗೆ ಪುಡಿ ಎಲ್ಲ ಕಲಸಿಕೊಂಡು ಮೇಲೆ ಬಂದವು. ನಡುವೆ ಗೂಟದ ತುಂಡೊಂದು ಕಂಡದ್ದೇ ಅವನ ಮುಖ ಅರಳಿತು.

ಆ ಮಣ್ಣು ಯಾವ ಪರೀಕ್ಷೆಗೂ ಬಾರದು. ಬೇರಿನದು ಯಾವುದು, ಲಾರಿಯದು ಯಾವುದು ಎಂದು ಯಾರಪ್ಪನಿಂದಲೂ ಬೇರ್ಪಡಿಸಲಾಗದು. ಹಾಗೆಂದು ಹೇಳಲು ಅವಳಿಗೆ ನಾಲಿಗೆ ಏಳಲಿಲ್ಲ. ಮಂಡಿಯೂರಿ, ಎಂದಿನಂತೆ ಆರೂ ಕೊಳವೆ ತುಂಬಿ, ಚೀಟಿ ಅಂಟಿಸಿ, ದಿನಾಂಕ ಬರೆದಳು.

"ಸಾಕಾ ಅಕ್ಕಾ? ಇನ್ನೂ ಸ್ವಲ್ಪ ತೆಗೀಲಾ?"

"ಸಾಕಣ್ಣ. ದೊಡ್ಡ ಉಪಕಾರವಾಯ್ತು."

ಪ್ರಯೋಗಾಲಯಕ್ಕೆ ಬಂದ ಮೇಲೆ ಕೊಳವೆಗಳನ್ನು ಎಸೆಯಲು ಕೈ ಬರಲಿಲ್ಲ. ಫ್ರೀಜರಿನ ಕೆಳಗಿನ ಖಾನೆಯಲ್ಲಿಟ್ಟಳು. ಬೇರೆ ಜೌಗಿನಲ್ಲಿ ಮೊದಲಿನಿಂದ ಶುರು ಮಾಡಬಹುದಲ್ಲ ಎಂದರು ಪ್ರೊಫೆಸರು. ಅದಕ್ಕೆ ಇನ್ನೆರಡು ವರ್ಷ ಬೇಕು. ಅವಳ ನೇಮಕ ಆ ತಿಂಗಳಿಗೇ ಮುಗಿಯುವುದು ಇಬ್ಬರಿಗೂ ಗೊತ್ತಿತ್ತು. ಅವಳು ಹೂಂ ಎಂದಳು.