ಎರಡನೇ ಗೆರೆ ಹೇಳಿದ್ದು

ಅಕ್ಕಂದಿರೇ, ಮದುವೆಯಾದ ವರ್ಷದೊಳಗೆ ಮಡಿಲು ತುಂಬದಿದ್ದರೆ ಬೀದಿಯ ಬಾಯಿಗೆಲ್ಲ ಕೆಲಸ ಸಿಗುತ್ತದೆ. ನಮ್ಮ ಬೀದಿಯೂ ಅಂಥದ್ದೇ. ಅಲ್ಲೊಂದು ಹೊಲಿಗೆ ಅಂಗಡಿಯಿದೆ. ನಾನು ಅಲ್ಲಿ ಕಾಜಾ ಮಾಡಿ ಗುಂಡಿ ಹಚ್ಚುವವಳು. ಯಜಮಾನಿಯನ್ನು ಎಲ್ಲರೂ ಕತ್ತರಿ ಅಮ್ಮ ಎನ್ನುತ್ತಾರೆ. ಬಟ್ಟೆಗೂ ಕತ್ತರಿ, ಮಾತಿಗೂ ಕತ್ತರಿ. ಸೊಸೆಯ ವಿಷಯದಲ್ಲಿ ಮಾತ್ರ ಬೆಣ್ಣೆ. ಆ ಹುಡುಗಿಯನ್ನು ಆಡಿಕೊಂಡ ಗಿರಾಕಿಯ ಬಟ್ಟೆಯನ್ನು ಹೊಲಿಯದೆ ಹಾಗೇ ವಾಪಸು ಕೊಟ್ಟವರು ಅವರು.

ವರ್ಷಗಟ್ಟಲೆ ಕಾದು ಮಗ, ಸೊಸೆ ದೊಡ್ಡಾಸ್ಪತ್ರೆಗೆ ಹೋದರು. ಅಲ್ಲಿ ಅವಳ ಅಂಡಗಳನ್ನು ತೆಗೆದು, ಹೊರಗೇ ಭ್ರೂಣ ಮಾಡಿ, ಹೆಪ್ಪುಗಟ್ಟಿಸಿ ಕಾದಿಟ್ಟರು. ಒಂದೊಂದಾಗಿ ಗರ್ಭಕೋಶಕ್ಕೆ ಬಿಟ್ಟರು. ಒಂದೂ ನಿಲ್ಲಲಿಲ್ಲ. ಕೊನೆಗೆ ಉಳಿದದ್ದು ಒಂದೇ. ಮತ್ತೆ ಅಂಡ ತೆಗೆಯಲು ಅವಳ ಅಂಡಾಶಯದಲ್ಲಿ ತ್ರಾಣವಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು.

ಆ ಕೊನೆಯದನ್ನು ಒಳಗೆ ಬಿಟ್ಟು, ಹಾರ್ಮೋನ್ ಮಾತ್ರೆ ಕೊಟ್ಟು, ನಾವು ಹೇಳುವ ತನಕ ನಿಲ್ಲಿಸಬೇಡಿ ಎಂದು ಕಳಿಸಿದರು. ಮಾತ್ರೆ ತೆಗೆದುಕೊಂಡರೆ ಸೊಸೆಗೆ ತಲೆಸುತ್ತು, ಮಂಪರು. ಒಮ್ಮೆ ಅಂಗಡಿಯಲ್ಲಿ ಹೊಲಿಯುತ್ತಿದ್ದಾಗ ಮೆಷಿನ್ನಿನ ಸೂಜಿ ಬೆರಳಿಗೇ ಇಳಿಯಿತು.

ಹೇಳಿದ ದಿನ ಮನೆಯಲ್ಲೇ ಪರೀಕ್ಷೆ ಮಾಡಿದರು. ಪಟ್ಟಿಯಲ್ಲಿ ಎರಡು ಗೆರೆ. ಸೊಸೆ ಅದನ್ನು ಅಂಗಡಿಗೆ ತಂದು ತೋರಿಸಿದಾಗ ಕತ್ತರಿ ಅಮ್ಮ ಮೆಷಿನ್ ನಿಲ್ಲಿಸಿ ಅತ್ತರು. ಆಮೇಲೆ ತುಂಡು ಬಟ್ಟೆಗಳ ರಾಶಿಯಲ್ಲಿ ಮೆತ್ತನೆಯದನ್ನು ಹುಡುಕತೊಡಗಿದರು. ಕೂಸು ಹುಟ್ಟುವ ಮೊದಲೇ ಕುಲಾವಿಯೇ ಎಂದು ನಾನು ಕೀಟಲೆ ಮಾಡಿದೆ. ಅವರು ನಕ್ಕು ತುಂಡನ್ನು ಮಡಿಸಿ ಡ್ರಾಯರಿಗೆ ಹಾಕಿದರು. ನಂತರ ಬಟ್ಟೆ ಸುತ್ತಿದ್ದ ಸೊಸೆಯ ಬೆರಳು ಹಿಡಿದುಕೊಂಡರು.

"ಇನ್ನು ಆ ಮಾತ್ರೆ ಸಾಕು ಕಣಮ್ಮಾ. ಕೋಟು ಹೊಲಿಯೋವಾಗ ಮೊದ್ಲು ಕಚ್ಚಾ ಹೊಲಿಗೆ ಯಾಕೆ ಹಾಕ್ತೀವಿ? ಬಟ್ಟೆ ಜರುಗದೇ ಇರ್ಲಿ ಅಂತ. ಮೆಷಿನ್ ಹೊಲಿಗೆ ಬಿದ್ಮೇಲೆ ಆ ದಾರ ಕಿತ್ತು ಬಿಸಾಕ್ತೀವಿ. ಈಗ ಕೂತಾಯ್ತಲ್ಲ, ಇನ್ಯಾಕೆ?"

ಸೊಸೆಗೂ ಅದು ಸರಿಯೆನಿಸಿತು. ಫೋನ್ ಮಾಡಿ ಕೇಳೋಣ ಎಂದ ಮಗನಿಗೆ, ಇಷ್ಟಕ್ಕೆಲ್ಲ ಡಾಕ್ಟರಿಗೆ ಯಾಕೆ ತೊಂದರೆ ಎಂದರು ಅಮ್ಮ. ಮಾತ್ರೆ ನಿಂತಿತು. ತಲೆಸುತ್ತೂ ನಿಂತಿತು. ವಾರ ತುಂಬುವ ಮೊದಲೇ ರಕ್ತ ಕಂಡಿತು, ಬಸಿರು ಹೋಯಿತು.

ಆಸ್ಪತ್ರೆಯ ಕೋಣೆಯಲ್ಲಿ ಸೊಸೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ನರ್ಸಮ್ಮ ಕುರ್ಚಿ ಎಳೆದುಕೊಂಡು ಕೂತು ನಮಗೆ ಬಿಡಿಸಿ ಹೇಳಿದರು. ಅಂಡ ಹೊರಬಿದ್ದ ಜಾಗದಲ್ಲಿ ಒಂದು ಹಳದಿ ಗಂಟು ಉಳಿಯುತ್ತದಂತೆ. ಅದರಿಂದ ಪ್ರೊಜೆಸ್ಟರಾನ್ ಎಂಬ ಹಾರ್ಮೋನ್ ಬರುತ್ತದೆ. ಗರ್ಭಕೋಶದ ಒಳಪದರವನ್ನು ಹದ ಮಾಡಿ ಭ್ರೂಣ ಬೇರೂರಲು ಬಿಡುವುದು, ಗರ್ಭಕೋಶ ಹಿಂಡದಂತೆ ಸುಮ್ಮನಿರಿಸುವುದು ಅದೇ. ಬೇರೂರಿದ ಭ್ರೂಣ ತನ್ನದೇ ಇನ್ನೊಂದು ಹಾರ್ಮೋನ್ ಕಳಿಸಿ, ನಾನು ಬಂದಿದ್ದೇನೆ, ನಿಲ್ಲಿಸಬೇಡ ಎಂದು ಆ ಗಂಟಿಗೆ ತಿಳಿಸುತ್ತದೆ. ಕೂಸಿಗೆ ಆಹಾರ ಒದಗಿಸುವ ಮಾಸು ಬೆಳೆದು ತಾನೇ ಆ ಕೆಲಸ ವಹಿಸಿಕೊಳ್ಳಲು ಎರಡು, ಎರಡೂವರೆ ತಿಂಗಳು ಬೇಕು.

"ಈ ಸಲ ನಿಮ್ಮ ಸೊಸೆಗೆ ಮಾತ್ರೆಯಿಂದಲೇ ಗರ್ಭಕೋಶ ಸಿದ್ಧ ಮಾಡಿದ್ವಿ. ಅಂಡ ಬಿಡುಗಡೆನೇ ಆಗಿರ್ಲಿಲ್ಲ, ಹಾಗಾಗಿ ಆ ಗಂಟೂ ಇರ್ಲಿಲ್ಲ ಅಮ್ಮಾ. ಅದರ ಕೆಲಸ ಮಾಡ್ತಾ ಇದ್ದಿದ್ದು ಮಾತ್ರೆ."

ಕತ್ತರಿ ಅಮ್ಮ ಒಪ್ಪಲಿಲ್ಲ. ಎರಡು ಗೆರೆ ನಾನೇ ಕಣ್ಣಾರೆ ನೋಡಿದ್ದೇನೆ, ಕೂತಿತ್ತು, ಗಟ್ಟಿಯಾಗಿತ್ತು ಎಂದು ವಾದಿಸಿದರು.

"ಎರಡನೇ ಗೆರೆ ಮೂಡೋದೇ ಭ್ರೂಣ ಕಳಿಸೋ ಹಾರ್ಮೋನಿಂದ," ಎಂದರು ನರ್ಸಮ್ಮ ಮೆಲ್ಲಗೆ. "ಕೆಲಸ ಮುಗೀತು ಅಂತಲ್ಲ ಅದರರ್ಥ. ನಿಲ್ಲಿಸಬೇಡಿ ಅಂತ."

ಅಮ್ಮ ತಮ್ಮ ಕೈಗಳನ್ನೇ ನೋಡುತ್ತ ಕೇಳಿದರು.

"ಹಾಗಾದ್ರೆ ಅದು ಕೂಗ್ತಾ ಇತ್ತಾ?"

ನರ್ಸಮ್ಮ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು. ಮಾತ್ರೆ ಮುಂದುವರಿಸಿದ್ದರೆ ಉಳಿಯುತ್ತಿತ್ತು ಎಂದು ಖಂಡಿತವಾಗಿ ಯಾರೂ ಹೇಳಲಾರರು, ಮೊದಲ ತಿಂಗಳುಗಳಲ್ಲಿ ಹೋಗುವ ಬಹಳಷ್ಟು ಬಸಿರು ಯಾರ ತಪ್ಪಿನಿಂದಲೂ ಅಲ್ಲ ಎಂದು ಸಮಾಧಾನ ಹೇಳಿದರು. ಅದು ನಿಜವೇ. ಆದರೆ ಆ ಮಾತು ನಮ್ಮ ಯಾರ ಕಿವಿಗೂ ಇಳಿಯಲಿಲ್ಲ. ಸೊಸೆ ಗೋಡೆಯ ಕಡೆಯಿಂದಲೇ ಒಂದು ಮಾತಾಡಿದಳು.

"ಅತ್ತೆ, ಆ ತಲೆಸುತ್ತು ಇದ್ದಿದ್ರೇ ಚೆನ್ನಾಗಿತ್ತು."

ಈಗ ಅಂಗಡಿಗೆ ಬಸುರಿ ಯಾರೇ ಬಂದರೂ ಅಳತೆ ತೆಗೆಯುವ ಮೊದಲು ಕತ್ತರಿ ಅಮ್ಮ ಮಾತ್ರೆಯ ವಿಚಾರ ಕೇಳುತ್ತಾರೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಎಂದು ಅವರಿಗೂ ಗೊತ್ತು. ಸೊಸೆ ಮೆಷಿನ್ ಮುಂದೆ ಕೂರುತ್ತಾಳೆ, ಹೊಲಿಯುತ್ತಾಳೆ, ಕತ್ತಲಾದರೆ ಎದ್ದು ಹೋಗುತ್ತಾಳೆ. ನಾನು ಗುಂಡಿಗಾಗಿ ಡ್ರಾಯರ್ ಎಳೆದಾಗಲೆಲ್ಲ ಆ ಮೆತ್ತನೆಯ ತುಂಡು ಕಾಣುತ್ತದೆ. ಅದನ್ನು ತೆಗೆದಿಡುವ ಧೈರ್ಯ ನಮ್ಮ ಮೂವರಲ್ಲಿ ಯಾರಿಗೂ ಇಲ್ಲ.

ಅಕ್ಕಂದಿರೇ, ಹಾರ್ಮೋನ್ ಮಾತ್ರೆಯನ್ನು ನೀವಾಗಿ ಶುರು ಮಾಡಬೇಡಿ. ಡಾಕ್ಟರು ಕೊಟ್ಟಿದ್ದರೆ ನೀವಾಗಿ ನಿಲ್ಲಿಸಬೇಡಿ. ತಲೆ ಸುತ್ತಿದರೆ ಕೇಳಿ. ರಕ್ತ ಕಂಡರೆ, ಹೊಟ್ಟೆ ನೊಂದರೆ ಕಾಯದೆ ಆಸ್ಪತ್ರೆಗೆ ಹೋಗಿ. ಡಾಕ್ಟರಿಗೆ ತೊಂದರೆಯಾದೀತು ಎಂದು ಸಂಕೋಚಪಡಬೇಡಿ. ಒಂದು ಫೋನ್ ಸಾಕಿತ್ತು, ನಾವು ಮಾಡಲಿಲ್ಲ. ನೀವು ಮಾಡಿ.