ಹಿಂದಿನ ಸಾಲಿನ ದೇವಕಿ

2006ರ ಮೇ ತಿಂಗಳು. ದೆಹಲಿಯ ಜನಕಪುರಿಯ ಒಂದು ಬ್ಲಾಕಿನಲ್ಲಿ ಹನ್ನೊಂದು ದಿನದಿಂದ ನಲ್ಲಿ ತಿರುಗಿಸಿದರೆ ಗಾಳಿ ಬರುತ್ತಿತ್ತೇ ಹೊರತು ನೀರು ಬರುತ್ತಿರಲಿಲ್ಲ. ಟ್ಯಾಂಕರ್ ಬಂದರೆ ಬಕೆಟ್ಟುಗಳ ಜಗಳ. ಅರ್ಜಿ ಕೊಟ್ಟು ಕೊಟ್ಟು ಸಾಕಾದ ಹೆಂಗಸರು, ಶನಿವಾರ ಬೆಳಿಗ್ಗೆ ನೀರಿನ ಕಚೇರಿಗೆ ಮೆರವಣಿಗೆ ಹೋಗುವುದೆಂದು ತೀರ್ಮಾನಿಸಿದರು.

ಸರ್ಕಾರಿ ಗುಮಾಸ್ತ ನಾರಾಯಣಸ್ವಾಮಿಯವರ ಹೆಂಡತಿ ದೇವಕಿಗೆ ನೀರು ಬೇಕಿತ್ತು, ಮೆರವಣಿಗೆ ಬೇಡವಾಗಿತ್ತು. ಮಗಳು ಧನ್ಯಾ ನಾಲ್ಕು ವರ್ಷದವಳಿದ್ದಾಗ ರೈಲು ನಿಲ್ದಾಣದ ನೂಕುನುಗ್ಗಲಿನಲ್ಲಿ ಅವಳ ಕೈ ಜಾರಿಹೋಗಿತ್ತು. ಮಗು ಹತ್ತೇ ನಿಮಿಷದಲ್ಲಿ ಸಿಕ್ಕಿತು ನಿಜ. ದೇವಕಿಯ ಎದೆಯೊಳಗೆ ಮಾತ್ರ ಆ ಹತ್ತು ನಿಮಿಷ ಹನ್ನೆರಡು ವರ್ಷವಾದರೂ ಮುಗಿದಿರಲಿಲ್ಲ.

"ಅಮ್ಮಾ, ಸಬ್ ಜಾ ರಹೇ ಹೈಂ, ಎಲ್ಲರೂ ಹೋಗ್ತಿದ್ದಾರೆ. ನಾನು ಮುಂದೆ ಬ್ಯಾನರ್ ಹಿಡೀತೀನಿ," ಎಂದಳು ಧನ್ಯಾ.

"ಮನೇಲೇ ಹಿಡ್ಕೊಂಡು ಕೂತ್ಕೋ."

ಆ ಸಂಜೆ ಮೇಲಿನ ಮನೆಯ ಚಂದ್ರಪ್ರಭಾ ಇಳಿದು ಬಂದಳು. ಶಾಲಾ ಶಿಕ್ಷಕಿ, ಮೆರವಣಿಗೆಯ ಸುರಕ್ಷತೆಯ ಹೊಣೆ ಹೊತ್ತವಳು.

"ಪೊಲೀಸರೇ ಇಲ್ದೆ ಇನ್ನೂರು ಜನಾನ ಯಾರೇ ನೋಡ್ಕೊಳ್ತಾರೆ?" ಎಂದು ದೇವಕಿ ಕೇಳಿದಳು.

"ನಾವೇ. ಯಾವ ದಾರೀಲಿ ಹೋಗ್ತೀವಿ ಅಂತ ಠಾಣೆಗೆ ಮೊದಲೇ ಬರೆದು ತಿಳಿಸಿದ್ದೀವಿ. ಜೊತೆಗೆ ನಡೆಯೋರನ್ನ ನೋಡ್ಕೊಳ್ಳೋದು ನಮ್ಮ ಕೆಲಸ. ಮದುವೆ ಮನೇಲಿ ಐನೂರು ಜನಕ್ಕೆ ಊಟ ಹಾಕೋವಾಗ ಪೊಲೀಸರನ್ನ ಕರೀತೀವಾ?"

ಇಪ್ಪತ್ತು ಜನ ಹಳದಿ ದುಪಟ್ಟಾ ಕಟ್ಟಿಕೊಂಡು ಇಬ್ಬಿಬ್ಬರಾಗಿ ನಿಲ್ಲುತ್ತಾರೆ, ವಯಸ್ಸಾದವರ ಹೆಜ್ಜೆಗೇ ಎಲ್ಲರ ಹೆಜ್ಜೆ, ಉಪ್ಪು ಸಕ್ಕರೆ ಬೆರೆಸಿದ ನೀರು ಜೊತೆಗಿರುತ್ತದೆ, ಮಕ್ಕಳ ತೋಳಿನ ಮೇಲೆ ಮನೆಯ ಫೋನ್ ನಂಬರ್ ಬರೆಯುತ್ತೇವೆ ಎಂದೆಲ್ಲ ಅವಳು ವಿವರಿಸಿದಳು. "ತಪ್ಪಿಸ್ಕೊಂಡೋರು ಹಾಲಿನ ಬೂತ್ ಹತ್ರ ನಿಂತ್ಕೋಬೇಕು."

"ಯಾವ ಬೂತು? ಬ್ಲಾಕಿಗೊಂದು ಇದೆ. ಆ ದಾರೀಲೇ ಮೂರು ಸಿಗುತ್ತೆ. ಅತ್ತೆ ಒಂದರ ಮುಂದೆ, ಸೊಸೆ ಇನ್ನೊಂದರ ಮುಂದೆ ಸಂಜೆವರೆಗೂ ಕಾಯ್ತಾ ಇರ್ತಾರೆ."

ಚಂದ್ರಪ್ರಭಾ ಪೆಚ್ಚಾದಳು. ನಾಲ್ಕು ಮೀಟಿಂಗ್ ನಡೆದು ಸಮೋಸ ಖರ್ಚಾಗಿತ್ತೇ ಹೊರತು ಇದು ಯಾರಿಗೂ ಹೊಳೆದಿರಲಿಲ್ಲ. ಅಲ್ಲೇ ತನ್ನ ಪಟ್ಟಿಯಲ್ಲಿ 'ಬೂತ್' ಎಂಬುದನ್ನು ಹೊಡೆದುಹಾಕಿ 'ಅಂಚೆ ಕಚೇರಿಯ ಗೇಟು' ಎಂದು ಬರೆದುಕೊಂಡಳು.

"ಅಚ್ಛಾ, ಇಂಥ ತಲೆ ಮನೇಲಿ ಕೂತ್ರೆ ಹೇಗೆ? ಹಿಂದಿನ ಸಾಲು ನಿಂದು. ಮುಂದೆ ಏನಾದ್ರೂ ಆದ್ರೆ ಹಳದಿ ದುಪಟ್ಟಾದೋರು ಕೈ ಎತ್ತುತ್ತಾರೆ. ಕಂಡೋರೆಲ್ಲ ಕೈ ಎತ್ತಿ ನಿಂತು, ಎರಡು ಹೆಜ್ಜೆ ಹಿಂದೆ ಸರೀಬೇಕು. ಬಿದ್ದೋರಿಗೆ ಅಪಾಯ ಬರೋದು ಹಿಂದಿನಿಂದ ತಳ್ಳೋರಿಂದ, ದೇವಕಿ."

ದೇವಕಿ ಒಪ್ಪಿದಳು, ಧನ್ಯಾ ಮುಂದೆ ಬ್ಯಾನರ್ ಹಿಡಿಯುವುದಕ್ಕೂ. ಒಪ್ಪಿದ್ದು ಮಾತಿಗೆ ಮಾತ್ರ. ಗಲಾಟೆಯಾದರೆ ಮಗಳನ್ನು ಎಳೆದುಕೊಂಡು ಬರಬೇಕೆಂದೇ ಅವಳು ಹೊರಟಿದ್ದು.

ಶನಿವಾರ ತರಕಾರಿ ಮಾರುಕಟ್ಟೆಯವರೆಗೆ ಎಲ್ಲ ಸರಿಯಾಗಿತ್ತು. ಅಲ್ಲಿ ರಸ್ತೆ ಇಕ್ಕಟ್ಟು. ಪಕ್ಕದಲ್ಲಿದ್ದ ಟೆಂಪೋದ ಟೈರು ಢಬ್ಬೆಂದು ಸಿಡಿಯಿತು. ಯಾರೋ ಓಡಿ ಎನ್ನುವಂತೆ "ಭಾಗೋ" ಎಂದು ಕೂಗಿದರು. ದೂರದಲ್ಲಿ ಬ್ಯಾನರ್ ವಾಲಿ ಮರೆಯಾಯಿತು.

ದೇವಕಿಯ ಕಾಲು ತಾನಾಗಿಯೇ ಮುಂದೆ ನುಗ್ಗಿತು. ಎದುರಿಗಿದ್ದ ಹೆಂಗಸಿನ ಬೆನ್ನ ಮೇಲೆ ಎರಡೂ ಕೈ ಇಟ್ಟಿದ್ದಳು. ಆಗ ಮುಂದೆ ಹಳದಿ ದುಪಟ್ಟಾದವರ ಕೈಗಳು ಮೇಲೆದ್ದವು. ಈ ಬೆನ್ನಿನಾಚೆ ಇನ್ನೊಂದು ಬೆನ್ನು, ಅದರಾಚೆ ಮತ್ತೊಂದು, ಕೊನೆಯಲ್ಲಿ ಧನ್ಯಾ. ತಾನು ತಳ್ಳಿದರೆ ಆ ಭಾರವೆಲ್ಲ ಹೋಗಿ ಬೀಳುವುದು ಅವಳ ಮೇಲೆಯೇ.

ದೇವಕಿ ಕೈ ಎತ್ತಿ ನಿಂತುಬಿಟ್ಟಳು. "ರುಕೋ, ಪೀಛೆ ಹಟೋ," ಎಂದು ನಿಂತು ಹಿಂದೆ ಸರಿಯುವಂತೆ ಎಡಕ್ಕೂ ಬಲಕ್ಕೂ ಹೇಳಿದಳು. ಮಗಳ ಕಡೆ ಓಡದೆ ನಿಲ್ಲುವುದಕ್ಕಿಂತ ಕಷ್ಟದ ಕೆಲಸವನ್ನು ಅವಳು ಜನ್ಮದಲ್ಲಿ ಮಾಡಿರಲಿಲ್ಲ. ಅಕ್ಕಪಕ್ಕದವರು ಕೈ ಎತ್ತಿದರು. ಹಿಂದಿನ ಸಾಲು ಎರಡು ಹೆಜ್ಜೆ ಸರಿಯಿತು, ಅದರ ಮುಂದಿನದೂ ಸರಿಯಿತು. ಸ್ವಲ್ಪ ಹೊತ್ತಿನಲ್ಲಿ ಬ್ಯಾನರ್ ಮತ್ತೆ ಎದ್ದಿತು.

ನೀರಿನ ಕಚೇರಿಯ ಮುಂದೆ ಧನ್ಯಾ ಸಿಕ್ಕಳು. ಮೊಣಕಾಲು ತರಚಿತ್ತು. "ಒಬ್ಬ ಅಜ್ಜಿ ಬಿದ್ರು ಅಮ್ಮಾ. ಎತ್ತೋಕೆ ಹೋಗಿ ನಾನೂ ಬಿದ್ದೆ. ಹಿಂದಿನಿಂದ ಎಷ್ಟು ಧಕ್ಕಾ ಅಂದ್ರೆ ಏಳೋಕೇ ಆಗ್ಲಿಲ್ಲ. ಆಮೇಲೆ ಎಲ್ಲಾ ನಿಂತೋಯ್ತು. ಕಿಸ್ನೇ ರೋಕಾ, ಯಾರು ತಡೆದ್ರೋ ಗೊತ್ತಿಲ್ಲ."

ದೇವಕಿ ಮಗಳನ್ನು ಅಪ್ಪಿಕೊಂಡು ಅತ್ತಳು. ಸಂಜೆ ಗಂಡ ವಿಷಯ ಕೇಳಿ ಗಾಬರಿಯಾಗಿ, "ಇನ್ನು ಈ ಸಹವಾಸ ಸಾಕು," ಎಂದಾಗ ಅವಳೇ ತಡೆದಳು. "ಸಾಕು ಅಂದ್ರೆ ಹೇಗೆ? ನೀರು ಬಿಡ್ತೀವಿ ಅಂತ ಕಚೇರಿಯವರು ಬರೆದು ಕೊಟ್ಟಿದ್ದಾರೆ. ಬಿಡದಿದ್ರೆ ಮತ್ತೆ ಹೋಗ್ತೀವಿ. ಹಿಂದಿನ ಸಾಲಿಗೆ ಇನ್ನೂ ನಾಲ್ಕು ಜನ ಬೇಕು, ನೀವೂ ಬನ್ನಿ."

ನಾರಾಯಣಸ್ವಾಮಿ, "ಭಾನುವಾರ ಇಟ್ಕೊಳ್ಳಿ ಮತ್ತೆ," ಎಂದರು.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಬೀದಿಯವರೂ ಒಂದು ದಿನ ಹೀಗೆ ಹೊರಡಬಹುದು. ಹಿಂದಿನ ದಿನವೇ ಸೇರಿ ಮಾತನಾಡಿಕೊಳ್ಳಿ. ಜೋಡಿ ಮಾಡಿಕೊಳ್ಳಿ, ನೀರು ಹೊತ್ತುಕೊಳ್ಳಿ, ಎಲ್ಲರಿಗೂ ಗೊತ್ತಿರುವ ಒಂದೇ ಜಾಗ ಗೊತ್ತುಮಾಡಿಕೊಳ್ಳಿ. ಸದ್ದಾದಾಗ ಮುಂದೆ ನುಗ್ಗಬೇಡಿ, ಕೈ ಎತ್ತಿ ನಿಲ್ಲಿ. ನಿಮ್ಮ ಮುಂದಿರುವ ಬೆನ್ನುಗಳಾಚೆ ಯಾರದೋ ಮಗಳು ಏಳಲು ಒದ್ದಾಡುತ್ತಿರಬಹುದು.