ಅರ್ಧ ಬೆರಳಿನ ಕೈಗವಸು

ನಮ್ಮತ್ತೆ ಹೆಣಿಗೆಗೆ ಕೂತರೆ ಮನೆಗೆ ಮನೆಯೇ ಜೋಂಪಿನಲ್ಲಿ ತೇಲುತ್ತದೆ. ಕಡ್ಡಿಗಳ ಟಿಕಟಿಕ ಕೇಳುತ್ತ ಕೂತ ನನಗೆ ಒಲೆಯ ಮೇಲೆ ಹಾಲು ಉಕ್ಕಿದ್ದೂ ತಿಳಿಯುವುದಿಲ್ಲ. ಬೈಸಿಕೊಳ್ಳುವವಳು ಮಾತ್ರ ನಾನೇ. ಈ ಚಳಿಗಾಲ ಬಸ್ ನಿಲ್ದಾಣದಲ್ಲಿ ಮಲಗುವವರಿಗೆ ಹಂಚಲೆಂದು ಅವರು ಬುಟ್ಟಿ ತುಂಬ ಉಣ್ಣೆಯ ಕೈಗವಸು ಹೆಣೆದರು.

ಹೊರಡುವ ಬೆಳಿಗ್ಗೆ ಒಂದನ್ನು ತಮಾಷೆಗೆ ತೊಟ್ಟು ನೋಡಿದೆ. ಉಂಗುರದ ಬೆರಳು ಅರ್ಧಕ್ಕೇ ನಿಂತಿತು. ಇನ್ನೊಂದು ತೆಗೆದೆ, ಮತ್ತೊಂದು ತೆಗೆದೆ. ಬಲಗೈಯವಕ್ಕೆಲ್ಲ ಅದೇ ಗತಿ.

"ಅತ್ತೆ, ಈ ಬೆರಳು ಗಿಡ್ಡ ಆಗಿದೆಯಲ್ಲ?"

"ಐದು ಬೆರಳೂ ಒಂದೇ ಸಮ ಇರುತ್ತೇನೇ?" ಎಂದರು, ತಲೆಯೆತ್ತದೆ. ಆಮೇಲೆ ಕೈಗವಸನ್ನು ತಾವೇ ತೆಗೆದುಕೊಂಡು ಸವರಿದರು. ಮುಖ ಬಿಳಿಚಿಕೊಂಡಿತು.

ಮಾವ ಬಡಗಿ. ಮದುವೆಗೆ ಮೊದಲೇ ಗರಗಸ ಅವರ ಆ ಬೆರಳನ್ನು ಅರ್ಧ ತಿಂದುಹಾಕಿತ್ತು. ಅತ್ತೆ ಜೀವಮಾನವಿಡೀ ಕೈಗವಸು ಹೆಣೆದದ್ದು ಅವರೊಬ್ಬರಿಗೇ. ಮಾವ ಹೋಗಿ ವರ್ಷವಾಗಿತ್ತು; ಅತ್ತೆಯ ಕೈಗಳಿಗೆ ಮಾತ್ರ ಯಾರೂ ಆ ಸುದ್ದಿ ತಿಳಿಸಿರಲಿಲ್ಲ.

"ಬಿಚ್ಚಿ ಪೂರ್ತಿ ಮಾಡಿಬಿಡಿ ಅತ್ತೆ."

"ಆಗಲ್ಲ ಕಣೇ. ಉದ್ದ ಬೆರಳು ಹೆಣೆಯೋದು ರೂಢಿಯಾದರೆ ಈ ಕೈ ಅವರನ್ನ ಮರೆತುಬಿಡುತ್ತೆ. ಮುಖ ಆಗಲೇ ಮಸುಕಾಗ್ತಿದೆ. ಅವರ ಕೈಯೊಂದೇ ನನಗೆ ಸರಿಯಾಗಿ ನೆನಪಿರೋದು."

ನಾನು ಬುಟ್ಟಿ ಎತ್ತಿಕೊಂಡೆ.

ನಿಲ್ದಾಣದ ತುಂಬ ಮಂಜು. ಬಸ್ಸುಗಳು ನಿದ್ದೆಯಲ್ಲೇ ಉಸಿರಾಡುತ್ತಿದ್ದವು. ಮೊದಲ ಬೆಂಚಿನಲ್ಲಿ ಗೋಣಿ ಹೊದ್ದು ಕೂತಿದ್ದ ಮುದುಕ ಕೈಗವಸು ತೊಟ್ಟ. ಬೆರಳು ಹಿಡಿಸಲಿಲ್ಲ. ಸದ್ದಿಲ್ಲದೆ ಅದನ್ನು ಒಳಗೇ ಮಡಚಿಕೊಂಡ.

"ಬಿಗಿಯಾಯ್ತೇನಪ್ಪಾ?" ಅತ್ತೆ ಕೇಳಿದರು.

"ಧರ್ಮಕ್ಕೆ ಕೊಟ್ಟ ದಟ್ಟಿಗೆ ಮೊಳ ಹಾಕೋನಲ್ಲ ತಾಯಿ ನಾನು," ಎಂದು ನಕ್ಕು ಕೈಯೆತ್ತಿ ಮುಗಿದ.

ಮಂಜಿನಲ್ಲಿ ಅವನ ಮುಖ ಕಾಣುತ್ತಿರಲಿಲ್ಲ. ಕೈ ಮಾತ್ರ ಕಾಣುತ್ತಿತ್ತು. ಅದು ಮಾವನ ಕೈಯೇ.

ಅತ್ತೆ ಬೆಂಚಿನ ಮೇಲೆ ಅವನ ಪಕ್ಕ ಕೂತು, ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಬಹಳ ಹೊತ್ತು ಬಿಡಲಿಲ್ಲ. ಬೇಸರಪಟ್ಟುಕೊಳ್ಳದೆ ಅವನೂ ಕೈ ಕೊಟ್ಟು ಕೂತ. ಒಳಗೆ ಮಡಚಿದ್ದ ಬೆರಳು ಅತ್ತೆಯ ಅಂಗೈಗೆ ತಾಗಿರಬೇಕು.

"ನೋಯ್ತಿದೆಯಾ?"

"ಸ್ವಲ್ಪ," ಎಂದ, ನಾಚಿಕೊಂಡು.

ಅತ್ತೆ ಚೀಲದಿಂದ ಕಡ್ಡಿ, ಉಣ್ಣೆಯ ಉಂಡೆ ತೆಗೆದರು. ಅವನ ಕೈಮೇಲೆಯೇ ಗಿಡ್ಡ ಬೆರಳಿನ ತುದಿ ಬಿಚ್ಚಿ, ಕುಣಿಕೆಗಳನ್ನು ಒಂದೊಂದಾಗಿ ಕಡ್ಡಿಗೇರಿಸಿದರು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಸುತ್ತಿನ ಮೇಲೆ ಸುತ್ತು ಏರಿ, ಮಾವನ ಕೈ ನಮ್ಮ ಕಣ್ಣೆದುರೇ ಯಾರೋ ಒಬ್ಬನ ಕೈಯಾಗುತ್ತ ಹೋಯಿತು.

ಕೊನೆಯ ಗಂಟು ಹಾಕಿ, "ಬೆಚ್ಚಗಾಯ್ತಾ?" ಎಂದು ಕೇಳಿದರು, ಮಾವನನ್ನು ಕೇಳುತ್ತಿದ್ದ ಅದೇ ದನಿಯಲ್ಲಿ.